ಟೆಕ್ ಚೆಕ್‌ಗೆ ಬಂದ ಲ್ಯಾಪ್‌ಟಾಪ್ ಎಲ್ಲಿ ಹೋಯಿತು?

ಕಾರ್ಯಕ್ರಮಕ್ಕೆ ಇನ್ನು ಮೂರು ದಿನ ಇದೆ ಅನ್ನುವಾಗ ನನಗೊಂದು ಮೆಸೇಜ್ ಬಂದೇ ಬರುತ್ತದೆ. ಕಳಿಸುವವರು ಬೇರೆ ಬೇರೆ, ಒಕ್ಕಣೆ ಒಂದೇ. "ಮೇಡಂ, ನಾನು ದಿನಾ ಐದಾರು ಗಂಟೆ ಝೂಮ್‌ನಲ್ಲೇ ಇರ್ತೀನಿ. ಟೆಕ್ ಚೆಕ್ ಎಲ್ಲಾ ಬೇಡ ಅಲ್ವಾ?"

ಟೆಕ್ ಚೆಕ್ ಅಂದರೆ ಲೈವ್‌ಗೆ ಮುಂಚೆ ಒಮ್ಮೆ ಸೇರಿ ಧ್ವನಿ, ಚಿತ್ರ, ಸ್ಕ್ರೀನ್ ಶೇರ್, ನೆಟ್ ಎಲ್ಲ ಪರೀಕ್ಷಿಸಿ ನೋಡುವುದು. ಬೇಕು ಅಂತ ಬರೆಯುತ್ತೇನೆ. ಬರುತ್ತಾರೆ ಕೂಡ. ಆದರೆ ಕೈಗೆ ಏನು ಸಿಕ್ಕಿತೋ ಅದರಲ್ಲಿ ಬರುತ್ತಾರೆ. ಒಬ್ಬರು ಫೋನ್‌ನಲ್ಲಿ, ಒಬ್ಬರು ಮಗಳ ಲ್ಯಾಪ್‌ಟಾಪ್‌ನಲ್ಲಿ, ಇನ್ನೊಬ್ಬರು ನಿಲ್ಲಿಸಿದ ಕಾರಿನೊಳಗೆ ಕೂತು. "ನಾನು ಕಾಣ್ತಿದೀನಾ? ಧ್ವನಿ ಕೇಳಿಸ್ತಿದೆಯಾ? ಮುಗೀತಲ್ಲ, ಲೈವ್ ದಿನ ಸಿಗೋಣ." ಎರಡೇ ನಿಮಿಷಕ್ಕೆ ಎದ್ದು ಹೋಗುತ್ತಾರೆ.

ಆನ್‌ಲೈನ್ ಟೆಕ್ ಕಾನ್ಫರೆನ್ಸ್‌ಗಳಲ್ಲಿ ಸ್ಪೀಕರ್‌ಗಳನ್ನು ತಯಾರು ಮಾಡಿ, ತೆರೆಯ ಹಿಂದೆ ಕೂತು ಅವರನ್ನು ಲೈವ್‌ಗೆ ಬಿಡುವುದು ನನ್ನ ಕೆಲಸ. ಕಣ್ಣು ಕ್ಯಾಮೆರಾ ಕಡೆ ಇರಬೇಕು, ಬೆನ್ನ ಹಿಂದೆ ಕಿಟಕಿ ಇರಬಾರದು, ಸ್ಲೈಡ್‌ನಲ್ಲಿ ಅಕ್ಷರ ದೊಡ್ಡದಿರಬೇಕು. ಇವೆಲ್ಲ ನಿಮಗೆ ಗೊತ್ತು, ಇಲ್ಲಿ ಮತ್ತೆ ಕೊರೆಯುವುದಿಲ್ಲ. ನನಗೆ ಹೇಳಬೇಕಾಗಿರುವುದು ಒಂದೇ ವಿಷಯ. ಟೆಕ್ ಚೆಕ್‌ಗೆ ಕರೆಯುವುದು ನಿಮ್ಮ ಮುಖ ನೋಡಲಿಕ್ಕಲ್ಲ, ನಿಮ್ಮ ಲ್ಯಾಪ್‌ಟಾಪ್ ನೋಡಲಿಕ್ಕೆ. ಲೈವ್‌ಗೆ ಯಾವ ಲ್ಯಾಪ್‌ಟಾಪೋ, ಯಾವ ಹೆಡ್‌ಸೆಟ್ಟೋ, ಯಾವ ಕೋಣೆಯೋ, ಯಾವ ನೆಟ್ಟೋ, ಅದೇ ಟೆಕ್ ಚೆಕ್‌ಗೂ ಬರಬೇಕು.

ಒಬ್ಬ ಡೇಟಾಬೇಸ್ ಎಂಜಿನಿಯರ್ ಇದ್ದರು. ತಮ್ಮ ವಿಷಯದಲ್ಲಿ ಎತ್ತಿದ ಕೈ. ಟೆಕ್ ಚೆಕ್‌ಗೆ ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬಂದರು. ಸ್ಕ್ರೀನ್ ಶೇರ್ ಆಯಿತು, ಧ್ವನಿ ಚೆನ್ನಾಗಿತ್ತು, ನಾನೂ ಟಿಕ್ ಹಾಕಿದೆ. ಲೈವ್ ದಿನ ಬಂದದ್ದು ಕಂಪನಿ ಕೊಟ್ಟ ಮ್ಯಾಕ್‌ನಲ್ಲಿ. ಡೆಮೊ ಅದರಲ್ಲೇ ಇತ್ತಂತೆ, ನನಗೆ ಹೇಳಿರಲಿಲ್ಲ. ನಿರೂಪಕಿ ಪರಿಚಯ ಮಾಡಿಕೊಟ್ಟರು. ಇವರು ನಮಸ್ಕಾರ ಹೇಳಿ 'ಶೇರ್' ಒತ್ತಿದರು. ಪುಟ್ಟದೊಂದು ಪೆಟ್ಟಿಗೆ ಎದ್ದು ನಿಂತಿತು. ಈ ಆ್ಯಪ್‌ಗೆ ಸ್ಕ್ರೀನ್ ರೆಕಾರ್ಡ್ ಮಾಡುವ ಅನುಮತಿ ಇಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಕೊಡಿ ಅಂತ.

ಹೋದರು. ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಕಂಪನಿ ಲ್ಯಾಪ್‌ಟಾಪ್, ಆ ಪಾಸ್‌ವರ್ಡ್ ಇವರ ಹತ್ತಿರ ಎಲ್ಲಿರುತ್ತದೆ? ಪರದೆ ತುಂಬ ಅವರ ಮುಖ ಒಂದೇ. ಹಣೆ ಒರೆಸಿಕೊಂಡದ್ದು, ಕನ್ನಡಕ ತೆಗೆದು ಮತ್ತೆ ಹಾಕಿದ್ದು, ಮ್ಯೂಟ್ ಮಾಡದೆ ಐಟಿ ಹೆಲ್ಪ್‌ಡೆಸ್ಕ್‌ಗೆ ಫೋನ್ ಹಚ್ಚಿದ್ದು, ಎಲ್ಲವೂ ಲೈವ್. ಹೆಲ್ಪ್‌ಡೆಸ್ಕ್‌ನವರು ಕಾಯಿಸುವಾಗ ಹಾಕುವ ಸಂಗೀತವನ್ನು ಸಭೆಯೆಲ್ಲ ಕೇಳಿತು. ಪುಣ್ಯಕ್ಕೆ ಅವರ ಸ್ಲೈಡ್‌ಗಳ ಪಿಡಿಎಫ್ ನನ್ನ ಬಳಿ ಇತ್ತು. ನಾನು ಇಲ್ಲಿಂದ ತೋರಿಸಿದೆ, ಅವರು "ನೆಕ್ಸ್ಟ್, ನೆಕ್ಸ್ಟ್" ಎನ್ನುತ್ತಾ ಹೇಗೋ ಮುಗಿಸಿದರು. ಡೆಮೊ ಆಗಲೇ ಇಲ್ಲ. ಆಮೇಲೆ ತೆರೆಯ ಹಿಂದೆ ಬಂದು ಕೇಳಿದರು, "ಮೇಡಂ, ಮೊನ್ನೆ ಎಲ್ಲಾ ಸರಿಯಾಗಿತ್ತಲ್ಲ?"

ಸರಿಯಾಗಿತ್ತು ಸರ್. ಅದು ಬೇರೆ ಲ್ಯಾಪ್‌ಟಾಪ್.

ನನಗೆ ಇವತ್ತಿಗೂ ಆಶ್ಚರ್ಯ. ಇವರೆಲ್ಲ ಕೋಡ್ ಬರೆಯುವವರು. ಟೆಸ್ಟ್ ಸರ್ವರ್‌ನಲ್ಲಿ ಓಡಿಸದೆ ಒಂದು ಸಾಲನ್ನೂ ಪ್ರೊಡಕ್ಷನ್‌ಗೆ, ಅಂದರೆ ಜನ ಬಳಸುವ ಅಸಲಿ ಸರ್ವರ್‌ಗೆ, ಬಿಡುವವರಲ್ಲ. "ನನ್ನ ಮಷೀನ್‌ನಲ್ಲಿ ಓಡ್ತಿತ್ತಲ್ಲ" ಎನ್ನುವ ಜೂನಿಯರ್‌ಗಳನ್ನು ಕಾಡಿಸಿ ನಗುವವರು. ಅದೇ ಮಾತು ಲೈವ್ ದಿನ ತಮ್ಮ ಬಾಯಲ್ಲೇ ಬರುತ್ತದೆ.

ಲ್ಯಾಪ್‌ಟಾಪ್ ಬದಲಾದರೆ ಏನು ಮಹಾ ಬದಲಾಗುತ್ತದೆ ಅಂತ ಕೇಳುತ್ತಾರೆ. ಬಿಡಿಸಿ ಹೇಳುತ್ತೇನೆ. ಮೊದಲು ಈ ಅನುಮತಿಯ ಕಥೆ. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾ ಎನ್ನುವ ಮ್ಯಾಕ್‌ನ ಆಪರೇಟಿಂಗ್ ಸಿಸ್ಟಮ್‌ನಿಂದ ಈಚೆಗೆ, ಯಾವುದೇ ಆ್ಯಪ್ ನಿಮ್ಮ ಸ್ಕ್ರೀನ್ ತೋರಿಸಬೇಕಾದರೆ ಮೊದಲು ನಿಮ್ಮ ಒಪ್ಪಿಗೆ ಬೇಕು. ಒಳ್ಳೆಯ ನಿಯಮವೇ. ಆದರೆ ಒಪ್ಪಿಗೆ ಕೊಟ್ಟ ಮೇಲೆ ಸಾಮಾನ್ಯವಾಗಿ ಆ ಆ್ಯಪನ್ನು ಮುಚ್ಚಿ ಮತ್ತೆ ತೆರೆಯಬೇಕು. ಲೈವ್ ನಡುವೆ ಆ್ಯಪ್ ಮುಚ್ಚುವುದೆಂದರೆ ವೇದಿಕೆಯಿಂದ ಇಳಿದು ಹೋದ ಹಾಗೆ. ಇನ್ನೊಂದು ವಿಷಯ. ಈ ಒಪ್ಪಿಗೆ ಒಂದೊಂದು ಆ್ಯಪ್‌ಗೂ ಬೇರೆ. ಬ್ರೌಸರ್‌ನಲ್ಲೇ ನಡೆಯುವ ಕಾರ್ಯಕ್ರಮವಾದರೆ ಬ್ರೌಸರ್‌ಗೆ ಕೊಡಬೇಕು. ಝೂಮ್‌ಗೆ ಕೊಟ್ಟದ್ದು ಕ್ರೋಮ್‌ಗೆ ಆಗುವುದಿಲ್ಲ, ಕ್ರೋಮ್‌ಗೆ ಕೊಟ್ಟದ್ದು ಫೈರ್‌ಫಾಕ್ಸ್‌ಗೆ ಆಗುವುದಿಲ್ಲ. "ಇದೇ ಮ್ಯಾಕ್‌ನಲ್ಲಿ ದಿನಾ ಶೇರ್ ಮಾಡ್ತೀನಿ" ಎನ್ನುವವರೂ ಎಡವುವುದು ಇಲ್ಲೇ. ದಿನಾ ಮಾಡುವುದು ಇನ್ನೊಂದು ಆ್ಯಪ್‌ನಲ್ಲಿ. ಎಲ್ಲಿ ಒತ್ತಬೇಕು ಎಂದು ನಾನು ಬರೆಯುವುದಿಲ್ಲ, ಯಾಕೆಂದರೆ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು, ಜಾಗ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿವೆ. ಒಮ್ಮೆ ಶೇರ್ ಮಾಡಿ ನೋಡಿ, ಅದೇ ಕರೆದುಕೊಂಡು ಹೋಗುತ್ತದೆ.

ಕಂಪನಿ ಲ್ಯಾಪ್‌ಟಾಪ್‌ನ ಇನ್ನೊಂದು ಕಾಟ ವಿಪಿಎನ್, ಅಂದರೆ ನಿಮ್ಮ ನೆಟ್ಟನ್ನು ಕಂಪನಿಯ ನೆಟ್‌ವರ್ಕ್ ಮೂಲಕ ಹಾಯಿಸುವ ಏರ್ಪಾಟು. ನೆಟ್‌ನಲ್ಲಿ ಎಲ್ಲವೂ ಪ್ಯಾಕೆಟ್ ಎನ್ನುವ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಅದನ್ನು ಕಳಿಸುವ ಎರಡು ವಿಧಾನ ಯುಡಿಪಿ ಮತ್ತು ಟಿಸಿಪಿ. ಲೈವ್ ಧ್ವನಿ, ಚಿತ್ರ ಸಾಮಾನ್ಯವಾಗಿ ಯುಡಿಪಿಯಲ್ಲಿ ಹೋಗುತ್ತವೆ. ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಯುಡಿಪಿ ಅದಕ್ಕಾಗಿ ಕಾಯುತ್ತಾ ಕೂರುವುದಿಲ್ಲ. ಮಾತಿಗೆ ಅದೇ ಸರಿ. ಎಷ್ಟೋ ಕಡೆ ಕಂಪನಿಯ ನೆಟ್‌ವರ್ಕ್ ಕಾಯುವ ಫೈರ್‌ವಾಲ್ ಯುಡಿಪಿಯನ್ನು ಬಿಡುವುದಿಲ್ಲ. ಆಗ ಕರೆ ಟಿಸಿಪಿಗೆ ಹೊರಳುತ್ತದೆ. ಟಿಸಿಪಿಯದು ಹಟ. ಕಳೆದುಹೋದದ್ದನ್ನು ಮತ್ತೆ ತರಿಸಿಕೊಂಡೇ ಮುಂದಿನದನ್ನು ಕೊಡುತ್ತದೆ. ಕೇಳುವವರಿಗೆ ನಿಮ್ಮ ಮಾತು ನಿಂತು ನಿಂತು ಬರುತ್ತದೆ, ಆಮೇಲೆ ಒಮ್ಮೆಲೇ ಓಡುತ್ತದೆ. ಇದನ್ನು ನಾನು ನೆಟ್‌ವರ್ಕ್ ಎಂಜಿನಿಯರ್‌ಗಳಿಗೇ ವಿವರಿಸಿದ್ದೂ ಉಂಟು. ವಿಪಿಎನ್ ಬಿಟ್ಟು ಬರಬಹುದೋ ಇಲ್ಲವೋ ಎನ್ನುವುದು ನಿಮ್ಮ ಕಂಪನಿಯ ನಿಯಮ, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಬಿಡಲು ಆಗದಿದ್ದರೆ ಎರಡು ದಿನ ಮುಂಚೆ ಗೊತ್ತಾಗಲಿ. ಬೇರೆ ದಾರಿ ಹುಡುಕೋಣ.

ಹೆಡ್‌ಸೆಟ್‌ನದು ಇನ್ನೂ ಮಜಾ. "ತುಂಬಾ ಒಳ್ಳೆಯದು ಮೇಡಂ, ಹಾಡು ಕೇಳಿದರೆ ಸ್ಟುಡಿಯೋದಲ್ಲಿ ಕೂತ ಹಾಗಿರುತ್ತೆ." ಇರಬಹುದು. ಹಾಡು ಕೇಳುವಾಗ ಬ್ಲೂಟೂತ್‌ನಲ್ಲಿ ಧ್ವನಿ ಒಂದೇ ಕಡೆಗೆ ಹೋಗುತ್ತದೆ. ಮೈಕ್ ಆನ್ ಆಯಿತೋ, ಹೆಡ್‌ಸೆಟ್ ಫೋನ್ ಕರೆಯ ಪ್ರೊಫೈಲ್‌ಗೆ, ಅಂದರೆ ಧ್ವನಿ ಎರಡೂ ಕಡೆ ಹೋಗುವ ವಿಧಾನಕ್ಕೆ, ಹೊರಳುತ್ತದೆ. ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೋ ಅಷ್ಟು ಸ್ಯಾಂಪಲ್. ಹಾಡಿಗೆ ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದದ್ದು ಮಾತಿಗೆ 16,000ಕ್ಕೆ ಇಳಿಯುತ್ತದೆ, ಹಳೆಯ ಸಾಧನವಾದರೆ 8,000ಕ್ಕೆ. ನಿಮ್ಮ ಧ್ವನಿ ನಿಮಗೆ ಕೇಳಿಸುವುದಿಲ್ಲವಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ನಮಗೆ ಮಾತ್ರ ಡಬ್ಬದೊಳಗಿಂದ ಮಾತಾಡಿದ ಹಾಗೆ. ಹೊಸ ಬ್ಲೂಟೂತ್ ಸಾಧನಗಳಲ್ಲಿ ಇದು ಸುಧಾರಿಸುತ್ತಿದೆ, ಎಲ್ಲಕ್ಕೂ ಒಂದೇ ತೀರ್ಪು ಕೊಡಲಾರೆ. ಆದರೂ ತಂತಿ ಇರುವ ಸಾದಾ ಇಯರ್‌ಫೋನ್ ನನಗೆ ಕೈ ಕೊಟ್ಟದ್ದು ಕಡಿಮೆ. ಅದರ ಮೈಕ್ ಕಾಲರ್‌ಗೆ ಉಜ್ಜದ ಹಾಗೆ ನೋಡಿಕೊಳ್ಳಿ, ಅಷ್ಟೇ.

ನೆಟ್ ಬಗ್ಗೆ ಕೇಳಿದರೆ ಸ್ಪೀಡ್ ಟೆಸ್ಟ್‌ನ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಡೌನ್‌ಲೋಡ್ 200 ಎಂಬಿಪಿಎಸ್! ನೀವು ಸಿನಿಮಾ ನೋಡಲು ಹೊರಟಿಲ್ಲ, ನಿಮ್ಮನ್ನು ಕಳಿಸಲು ಹೊರಟಿದ್ದೀರಿ. ನನಗೆ ಬೇಕಾದದ್ದು ಅಪ್‌ಲೋಡ್. ಅದೂ ಜಾಸ್ತಿ ಬೇಡ. ಅಲುಗಾಡದೆ ನಾಲ್ಕು ಎಂಬಿಪಿಎಸ್ ಸಿಕ್ಕರೆ ನಾನು ನಿಶ್ಚಿಂತೆ. ಮತ್ತೆ, ಲೈವ್ ರಾತ್ರಿ ಒಂಬತ್ತಕ್ಕಿದ್ದರೆ ಚೆಕ್ ಕೂಡ ಆ ಹೊತ್ತಿಗೇ ಆಗಲಿ. ಬೆಳಗ್ಗೆ ಹನ್ನೊಂದಕ್ಕೆ ಮನೆಯ ವೈಫೈ ನಿಮ್ಮೊಬ್ಬರದು, ರಾತ್ರಿ ಒಂಬತ್ತಕ್ಕೆ ಎಲ್ಲರದು. ಇದು ದೊಡ್ಡವರನ್ನೂ ಬಿಟ್ಟಿಲ್ಲ. 2010ರ ಜೂನ್‌ನಲ್ಲಿ ಆ್ಯಪಲ್‌ನ ಸ್ಟೀವ್ ಜಾಬ್ಸ್ ಐಫೋನ್ 4 ತೋರಿಸುತ್ತಿದ್ದಾಗ ವೆಬ್ ಪುಟ ತೆರೆಯಲೇ ಇಲ್ಲ. ಆ ಸಭಾಂಗಣದಲ್ಲಿ 570 ವೈಫೈ ಬೇಸ್ ಸ್ಟೇಷನ್‌ಗಳು ಓಡುತ್ತಿವೆ ಎಂದು ಅವರೇ ಹೇಳಿ, ವೈಫೈ ಆಫ್ ಮಾಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳಬೇಕಾಯಿತು. ಖಾಲಿ ಸಭಾಂಗಣದ ನೆಟ್ ಬೇರೆ, ತುಂಬಿದ ಸಭಾಂಗಣದ್ದು ಬೇರೆ.

ಹಾಗಂತ ನಾನು ಲೈವ್ ಡೆಮೊ ವಿರೋಧಿ ಅಲ್ಲ. ದೂರದಿಂದ ಡೆಮೊ ತೋರಿಸುವುದು 2020ರಲ್ಲಿ ಎಲ್ಲರೂ ಮನೆ ಸೇರಿದ ಮೇಲೆ ಹುಟ್ಟಿದ್ದೇನೂ ಅಲ್ಲ. 1968ರ ಡಿಸೆಂಬರ್ 9ರಂದು ಅಮೆರಿಕದ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದ ಸಭೆಯಲ್ಲಿ ಕೂತು, ಸುಮಾರು ಐವತ್ತು ಕಿಲೋಮೀಟರ್ ದೂರದ ಮೆನ್ಲೊ ಪಾರ್ಕ್‌ನಲ್ಲಿದ್ದ ಕಂಪ್ಯೂಟರನ್ನು ತೊಂಬತ್ತು ನಿಮಿಷ ನಡೆಸಿ ತೋರಿಸಿದರು. ಮೌಸ್, ವಿಡಿಯೊ ಕರೆ ಎಲ್ಲಾ ಅದರಲ್ಲಿತ್ತು. ಚಿತ್ರ ಬಂದದ್ದು ಮೈಕ್ರೊವೇವ್ ಸಂಪರ್ಕದಲ್ಲಿ. ಎಲ್ಲರಿಗೂ ಎಂಗೆಲ್‌ಬಾರ್ಟ್ ಹೆಸರು ಗೊತ್ತು. ನನಗೆ ಇಷ್ಟ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್. ಆ ಇಡೀ ಏರ್ಪಾಟು ಕಟ್ಟಿ, ಸಭಾಂಗಣದ ಹಿಂದೆ ಕೂತು ಅದನ್ನು ನಡೆಸಿಕೊಟ್ಟವರು ಅವರು. ಈ ವೃತ್ತಿಯವರಿಗೆ ಇಂಥವರ ಮೇಲೆ ಸ್ವಲ್ಪ ಪಕ್ಷಪಾತ ಇರುತ್ತದೆ, ಇರಲಿ.

ಡೆಮೊ ಮಾಡಿ. ಅದನ್ನೇ ಮೂರು ನಿಮಿಷ ರೆಕಾರ್ಡ್ ಮಾಡಿ ನನಗೂ ಒಂದು ಪ್ರತಿ ಕಳಿಸಿ. ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ. "ಮೋಸ ಮಾಡಿದ ಹಾಗಲ್ವಾ?" ಅಲ್ಲ. ಬ್ಯಾಕಪ್ ಇಲ್ಲದ ಡೇಟಾಬೇಸ್ ನೀವು ಇಟ್ಟುಕೊಳ್ಳುತ್ತೀರಾ?

ಇನ್ನೊಂದು ಚಿಕ್ಕ ಸಂಕಟ ಹೇಳಿಬಿಡುತ್ತೇನೆ. ಶುರುವಾದ ಕೂಡಲೇ "ಎಲ್ಲರಿಗೂ ಕೇಳಿಸ್ತಿದೆಯಾ? ಚಾಟ್‌ನಲ್ಲಿ ಎಸ್ ಅಂತ ಹಾಕಿ" ಎಂದು ಕಾಯುವವರು. ಮೀಟಿಂಗ್‌ನಲ್ಲಿ ಅದು ನಡೆಯುತ್ತದೆ, ಅಲ್ಲಿ ಮಾತು ಒಂದು ಸೆಕೆಂಡಿನೊಳಗೆ ಮುಟ್ಟುತ್ತದೆ. ಸ್ಟ್ರೀಮ್ ಹಾಗಲ್ಲ. ಎಚ್‌ಎಲ್‌ಎಸ್ ಎನ್ನುವ ವಿಧಾನದಲ್ಲಿ ವಿಡಿಯೊವನ್ನು ಆರಾರು ಸೆಕೆಂಡಿನ ತುಂಡು ಮಾಡಿ ಕಳಿಸುವುದು ರೂಢಿ. ಪ್ಲೇಯರ್ ಮೂರು ತುಂಡಿನಷ್ಟು ಹಿಂದಿನಿಂದ ಓಡಿಸುತ್ತದೆ. ಅಲ್ಲಿಗೆ ಹದಿನೆಂಟು ಸೆಕೆಂಡ್ ಹೋಯಿತು. ಟೈಪ್ ಮಾಡುವ ಹೊತ್ತು ಬೇರೆ. ಕಡಿಮೆ ವಿಳಂಬದ ಏರ್ಪಾಟುಗಳೂ ಇವೆ, ಕಾರ್ಯಕ್ರಮದವರನ್ನು ಕೇಳಿಕೊಳ್ಳಿ. ಆದರೆ ಪ್ರಶ್ನೆ ಕೇಳಿ ಇಪ್ಪತ್ತು ಸೆಕೆಂಡ್ ಸುಮ್ನೆ ನೋಡುತ್ತಾ ಕೂತರೆ ಧೈರ್ಯವೆಲ್ಲ ಇಳಿದುಹೋಗುತ್ತದೆ. ಕೇಳಿಸದಿದ್ದರೆ ಹೇಳಲು ನಾನಿದ್ದೇನೆ. ನಾನು ಸುಮ್ಮನಿದ್ದೇನೆ ಅಂದರೆ ಕೇಳಿಸುತ್ತಿದೆ ಅಂತಲೇ ಅರ್ಥ.

ಎಲ್ಲರೂ ಹೀಗೇ ಅನ್ನಲಾರೆ. ಹೋದ ಸಲ ಒಬ್ಬಳು ವಿದ್ಯಾರ್ಥಿನಿ ಬಂದಿದ್ದಳು. ಅವಳ ಮೊದಲ ಭಾಷಣ. ಹೆದರಿಕೆ ಎಷ್ಟಿತ್ತೆಂದರೆ ಮೂರು ಸಲ ಟೆಕ್ ಚೆಕ್ ಕೇಳಿ ಮಾಡಿಸಿಕೊಂಡಳು. ಮೂರೂ ಸಲ ಅದೇ ಹಳೆಯ ಲ್ಯಾಪ್‌ಟಾಪ್, ಅದೇ ಗೋಡೆ, ಅದೇ ಹೊತ್ತು. ಕ್ಯಾಮೆರಾ ಪಕ್ಕ ಎರಡು ಕಣ್ಣು ಬರೆದ ಹಳದಿ ಚೀಟಿ ಅಂಟಿಸಿಕೊಂಡಿದ್ದಳು. ಮೂರನೇ ದಿನ ಕೇಳಿದಳು, "ಮೇಡಂ, ಈಗ ವೈಫೈ ಆಫ್ ಮಾಡಿ ನೋಡ್ಲಾ?" ನನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮಾಡು ಅಂದೆ. ಅವಳ ಚಿತ್ರ ಕಲ್ಲಾಯಿತು, ಆಮೇಲೆ ಮಾಯವಾಯಿತು. ಫೋನ್‌ನ ಹಾಟ್‌ಸ್ಪಾಟ್ ಆನ್ ಮಾಡಿ, ಅದಕ್ಕೆ ಸೇರಿಕೊಂಡು, ಲಿಂಕ್ ಹುಡುಕಿ ಒಳಗೆ ಬಂದಳು. ಅವಳು ಮಾಯವಾದರೆ ನಿರೂಪಕರು ಚಾಟ್‌ನ ಪ್ರಶ್ನೆ ಓದಬೇಕು ಅಂತ ಆಗಲೇ ಮಾತಾಡಿಕೊಂಡೆವು.

ಲೈವ್ ದಿನ ಹನ್ನೊಂದನೇ ನಿಮಿಷಕ್ಕೆ ಅವಳ ನೆಟ್ ನಿಜವಾಗಿ ಹೋಯಿತು. ನಿರೂಪಕರು ಒಂದು ಪ್ರಶ್ನೆ ಓದಿದರು, ಎರಡನೆಯದನ್ನು ಓದುತ್ತಿದ್ದರು. ನನ್ನ ಜೀವ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಬಂದಳು. "ಹ್ಞಾಂ, ಏಳನೇ ಸ್ಲೈಡ್" ಎಂದು ಬಿಟ್ಟಲ್ಲಿಂದಲೇ ಎತ್ತಿಕೊಂಡಳು. ಭಾಷಣ ಮುಗಿದ ಮೇಲೆ ತೆರೆಯ ಹಿಂದಿನ ಚಾಟ್‌ನಲ್ಲಿ ಅವಳದೊಂದು ಸಾಲು ಇತ್ತು: "ಮೇಡಂ, ರಿಹರ್ಸಲ್‌ನಲ್ಲಿ 55 ಸೆಕೆಂಡ್ ತಗೊಂಡಿದ್ದೆ, ಇವತ್ತು 40."