ಹೊಸ ಬೆಲ್ಟೂ ಬೇಗ ಸವೆಯುತ್ತಿದ್ದರೆ ಎಲ್ಲಿ ನೋಡಬೇಕು?

ಈ ಟಿಪ್ಪಣಿ ಎಂಜಿನ್ನಿನ ಹೊರಗೆ ಓಡುವ ಬೆಲ್ಟಿನದು. ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಎಷ್ಟೋ ಕಾರುಗಳಲ್ಲಿ ವಾಟರ್ ಪಂಪನ್ನೂ ತಿರುಗಿಸುವುದು ಇದೇ. ಗ್ಯಾರೇಜುಗಳಲ್ಲಿ ಈಗಲೂ ಫ್ಯಾನ್ ಬೆಲ್ಟ್ ಎಂದೇ ಕರೆಯುತ್ತಾರೆ. ಎಂಜಿನ್ನಿನ ವಾಲ್ವುಗಳ ಸಮಯ ಕಾಯುವ ಟೈಮಿಂಗ್ ಬೆಲ್ಟಿನ ವಿಷಯ ಬೇರೆ. ನಮ್ಮ ಈ ಬೆಲ್ಟಿನ ಬೆನ್ನಿನ ಮೇಲೆ 6ಪಿಕೆ1750 ಎಂದಿದ್ದರೆ 6 ರಿಬ್ (ಒಳಬದಿಯಲ್ಲಿ ಉದ್ದಕ್ಕೂ ಸಾಗುವ ಏಣು), 1750 ಮಿ.ಮೀ. ಉದ್ದ ಎಂದರ್ಥ.

ಹಳೆಯ ನಿಯೋಪ್ರೀನ್ ಬೆಲ್ಟುಗಳು ಬಿರುಕು ಬಿಟ್ಟು ವಯಸ್ಸು ಹೇಳುತ್ತಿದ್ದವು. ಈಗಿನ ಇಪಿಡಿಎಂ ರಬ್ಬರ್ ಹಾಗಲ್ಲ. ಟಯರಿನಂತೆ ಸದ್ದಿಲ್ಲದೆ ತೆಳುವಾಗುತ್ತದೆ. ಬಿರುಕಿಲ್ಲ, ಹಾಗಾಗಿ ಬೆಲ್ಟ್ ಚೆನ್ನಾಗಿದೆ ಎಂಬ ತೀರ್ಮಾನ ಇಲ್ಲಿ ನಡೆಯುವುದಿಲ್ಲ. ರಿಬ್ ಸವೆದಷ್ಟೂ ಬೆಲ್ಟ್ ಪುಲ್ಲಿಯ ಗ್ರೂವಿನಲ್ಲಿ ಆಳಕ್ಕೆ ಕೂರುತ್ತದೆ, ಹಿಡಿತ ತಪ್ಪುತ್ತದೆ, ಜಾರಿ ಬಿಸಿಯಾಗಿ ಇನ್ನಷ್ಟು ಸವೆಯುತ್ತದೆ. ಪರೀಕ್ಷಿಸಲು ಬೆಲ್ಟಿನ ರಿಬ್‌ಗಳ ನಡುವಿನ ಗ್ರೂವಿಗೆ ಇಡುವ ಸಣ್ಣ ಪ್ಲಾಸ್ಟಿಕ್ ಗೇಜ್ ಸಿಗುತ್ತದೆ.

ಬಿಚ್ಚಿದ ಬೆಲ್ಟನ್ನು ಮಾತ್ರ ಕೂಡಲೇ ಎಸೆಯಬೇಡಿ. ಒಂದೇ ಬದಿಯ ಅಂಚಿನಲ್ಲಿ ನೂಲು ಎದ್ದಿದ್ದರೆ ಯಾವುದೋ ಪುಲ್ಲಿ ಉಳಿದವುಗಳ ನೇರಕ್ಕಿಲ್ಲ, ಸಾಲು ತಪ್ಪಿದೆ. ರಿಬ್ ಹೊಳಪಾಗಿದ್ದರೆ ಜಾರಿದೆ, ಅಂದರೆ ಟೆನ್ಶನ್ (ಬೆಲ್ಟಿನ ಬಿಗಿ) ಕಡಿಮೆ. ಮೆತ್ತಗಾಗಿ ಉಬ್ಬಿದ್ದರೆ ಎಣ್ಣೆ ಕುಡಿದಿದೆ; ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಹುಡುಕಲು ಶುರುಮಾಡಿ. ಬೆಲ್ಟಿನ ಗ್ರೂವಿನಲ್ಲಿ ರಬ್ಬರ್ ಉಂಡೆಗಟ್ಟಿದ್ದರೆ ಸಾಲು, ಟೆನ್ಶನ್ ಎರಡನ್ನೂ ನೋಡಬೇಕು. ಒಂದು ರಿಬ್ ಪೂರ್ತಿ ಕಿತ್ತಿದ್ದರೆ? ಹಾಕುವಾಗಲೇ ಒಂದು ಗ್ರೂವ್ ಆಚೀಚೆ ಕೂತಿರುವ ಸಾಧ್ಯತೆ ಹೆಚ್ಚು.

ಶಬ್ದದಿಂದಲೂ ತಿಳಿಯುತ್ತದೆ. ಐಡಲ್‌ನಲ್ಲಿ ಲಯಬದ್ಧವಾಗಿ ಚಿಕ್ ಚಿಕ್ ಎಂದರೆ ಹೆಚ್ಚಾಗಿ ಸಾಲಿನ ದೋಷ, ಎ.ಸಿ. ಹಾಕಿದಾಗ, ಆಕ್ಸಿಲರೇಟರ್ ಒತ್ತಿದಾಗ ಉದ್ದಕ್ಕೆ ಕಿರಿಚಿದರೆ ಜಾರುವಿಕೆ. ಖಚಿತಕ್ಕೆ, ಕೈ ದೂರವಿಟ್ಟು, ಓಡುವ ಬೆಲ್ಟಿನ ರಿಬ್ ಬದಿಗೆ ಸ್ವಲ್ಪ ನೀರು ಸಿಂಪಡಿಸಿ. ಶಬ್ದ ತುಸು ಹೊತ್ತು ನಿಂತು ಮತ್ತೆ ಬಂದರೆ ಸಾಲು, ಜೋರಾದರೆ ಟೆನ್ಶನ್. ಮಂಗಳೂರಿನಲ್ಲಿ ಈ ಪರೀಕ್ಷೆಯನ್ನು ಜೂನ್ ತಿಂಗಳೇ ಮಾಡಿಬಿಡುತ್ತದೆ. ಕೊಟ್ಟಾರ ಚೌಕಿಯ ನಿಂತ ನೀರು ದಾಟುವಾಗ ಕಿರಿಚುವ ಕಾರು ಒಂದು ಜಾತಿ. “ಮಳೆಯಲ್ಲಿ ಶಬ್ದವೇ ಇಲ್ಲ ಮಾರಾಯ್ರೆ, ಬಿಸಿಲು ಬಿದ್ದರೆ ಸುರು” ಎಂದು ಬರುವವರದು ಇನ್ನೊಂದು.

ಕರಾವಳಿಯಲ್ಲಿ ಮರೆಯಬಾರದ ಕಾರಣ ತುಕ್ಕು. ಪಣಂಬೂರು, ಉಳ್ಳಾಲ, ಮಲ್ಪೆಯ ಉಪ್ಪುಗಾಳಿಗೆ ನಿಂತ ಕಾರುಗಳ ಪುಲ್ಲಿ ನೋಡಿ. ಯಜಮಾನರು ಗಲ್ಫಿನಲ್ಲಿ, ಕಾರು ಮಳೆಗಾಲವಿಡೀ ಶೆಡ್ಡಿನಲ್ಲಿ. ಗ್ರೂವಿನಲ್ಲಿ ಕಟ್ಟಿದ ತುಕ್ಕು ರಬ್ಬರನ್ನು ಉಜ್ಜುತ್ತಲೇ ಇರುತ್ತದೆ. ಅದರ ಮೇಲೆ ಹೊಸ ಬೆಲ್ಟ್ ಹಾಕುವುದು ದುಡ್ಡು ದಂಡ. ವೈರ್ ಬ್ರಷ್‌ನಿಂದ ಗ್ರೂವ್ ಸ್ವಚ್ಛ ಮಾಡಿ, ಗುಂಡಿ ಬಿದ್ದಿದ್ದರೆ ಪುಲ್ಲಿಯನ್ನೇ ಬದಲಿಸಿ.

ಬೆಲ್ಟ್ ಬಿಚ್ಚಿರುವಾಗಲೇ, ಎಂಜಿನ್ ನಿಲ್ಲಿಸಿ, ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ, ಅಲುಗಾಡಿಸಿ. ಬೆಲ್ಟಿಗೆ ದಾರಿ ತೋರಿಸಲಷ್ಟೇ ಇರುವ ಐಡ್ಲರ್ ಪುಲ್ಲಿ ಗರಗರ ಎಂದರೆ ಬೇರಿಂಗ್ ಹೋಗಿದೆ. ವಾಟರ್ ಪಂಪ್ ಶಾಫ್ಟ್ ಆಡಿದರೆ, ಕೆಳಗೆ ಕೂಲಂಟ್ ಒಣಗಿದ ಕಲೆಯಿದ್ದರೆ, ಬೆಲ್ಟಿಗಿಂತ ಮೊದಲು ಪಂಪ್. ಬೆಲ್ಟನ್ನು ತಾನಾಗಿ ಬಿಗಿಯಾಗಿಡುವ ಆಟೋ ಟೆನ್ಶನರ್‌ನ ತೋಳು ಸರಾಗವಾಗಿ ಸರಿದು ಬಿಗಿಯಾಗಿ ಮರಳಬೇಕು; ಎಂಜಿನ್ ಓಡುವಾಗ ಅದು ಎಡೆಬಿಡದೆ ಜೋರಾಗಿ ಕುಣಿಯುತ್ತಿದ್ದರೆ ಟೆನ್ಶನರ್ ಅಥವಾ ಆಲ್ಟರ್ನೇಟರಿನ ಒನ್‌ವೇ ಪುಲ್ಲಿ ಕೆಟ್ಟಿರಬಹುದು. ಒನ್‌ವೇ ಪುಲ್ಲಿ ಒಂದು ದಿಕ್ಕಿಗೆ ಹಿಡಿದು, ಇನ್ನೊಂದಕ್ಕೆ ಖಾಲಿ ತಿರುಗಬೇಕು. ಎರಡೂ ಕಡೆ ಹಿಡಿದರೆ ಪ್ರತಿ ಫೈರಿಂಗಿನ ಎಳೆತವೂ ಬೆಲ್ಟಿನ ಮೇಲೆಯೇ. ಡೀಸೆಲ್ ಕಾರಿನಲ್ಲಿ ಈ ಪರೀಕ್ಷೆ ಬಿಡಲೇಬೇಡಿ.

ಬೆಲ್ಟಿಗೆ ಹೊಡೆಯುವ ಸ್ಪ್ರೇ ನನಗೆ ಸೇರದು. ಶಬ್ದ ಮುಚ್ಚುತ್ತದೆ, ಅಂಟು ಧೂಳು ಹಿಡಿಯುತ್ತದೆ, ರೋಗ ಉಳಿಯುತ್ತದೆ. ಬೋಲ್ಟ್‌ನಿಂದ ಬಿಗಿ ಮಾಡುವ ಹಳೆಯ ಕಾರುಗಳಲ್ಲಿ ಇನ್ನೊಂದು ಅತಿ: ಕಿರಿಚದಿರಲೆಂದು ಎಳೆದೆಳೆದು ಬಿಗಿಯುವುದು. ಆಗ ಆಲ್ಟರ್ನೇಟರ್, ಪಂಪ್‌ಗಳ ಬೇರಿಂಗ್ ಸಾಯುತ್ತದೆ. ಕಂಪನಿಯ ಮ್ಯಾನ್ಯುವಲ್‌ನಲ್ಲಿರುವಷ್ಟೇ ಬಿಗಿಯಿರಲಿ. ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ಸಡಿಲವಾಗುವುದರಿಂದ ಕಾರನ್ನು ಮತ್ತೊಮ್ಮೆ ಕರೆಸಿ ಟೆನ್ಶನ್ ಅಳೆಯಿರಿ.