ಸ್ಕಂದ ಷಷ್ಠಿ ವ್ರತ ಮಕ್ಕಳಾಗದವರಿಗೆ ಮಾತ್ರವೇ?

ಅಲ್ಲ. ಗಂಡಸರು, ಮದುವೆಯಾಗದವರು, ಮೊಮ್ಮಕ್ಕಳನ್ನು ಕಂಡವರು, ಯಾರು ಬೇಕಾದರೂ ಹಿಡಿಯಬಹುದು. ಇದು ಸ್ಕಂದನಿಗೆ, ಅಂದರೆ ತಮಿಳರು ಮುರುಗ ಎನ್ನುವ ಸುಬ್ರಹ್ಮಣ್ಯನಿಗೆ, ನಡೆಸುವ ಆರು ದಿನದ ವ್ರತ. ದೀಪಾವಳಿ ಅಮಾವಾಸ್ಯೆ ಕಳೆಯುತ್ತಲೇ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಮರುವರ್ಷ ಅದೇ ಪ್ರಶ್ನೆ. ಈ ಸಲ ಬುಡದಿಂದಲೇ ನೋಡೋಣ.

ಈ ನಂಬಿಕೆಗೆ ಬಲ ಕೊಟ್ಟಿರುವುದು ಒಂದು ತಮಿಳು ಗಾದೆ: ‘ಸಟ್ಟಿಯಿಲ್ ಇರುಂದಾಲ್ ಅಗಪ್ಪೈಯಿಲ್ ವರುಂ’. ಸಟ್ಟಿ ಅಂದರೆ ಮಡಕೆ, ಅಗಪ್ಪೈ ಅಂದರೆ ಸೌಟು. ಮಡಕೆಯಲ್ಲಿದ್ದರೆ ತಾನೇ ಸೌಟಿಗೆ ಬರೋದು, ಇಷ್ಟೇ ಅರ್ಥ. ಸಟ್ಟಿಯನ್ನು ಷಷ್ಠಿ ಮಾಡಿ, ಅಗಪ್ಪೈಯನ್ನು ‘ಅಗ’, ‘ಪೈ’ ಎಂದು ಒಡೆದು ‘ಒಳಗಿನ ಚೀಲ’, ಅಂದರೆ ಗರ್ಭ ಎಂದು ಬಿಡಿಸುತ್ತಾರೆ. ಷಷ್ಠಿಯಂದು ಉಪವಾಸವಿದ್ದರೆ ಬಸಿರು ನಿಲ್ಲುತ್ತದೆ ಎಂಬ ಮಾತು ಹೀಗೆ ಬಾಯಿಂದ ಬಾಯಿಗೆ ಹೋಗುತ್ತಿದೆ. ಚೆಂದದ ಶ್ಲೇಷೆ, ನಿಜ. ಆದರೆ ಶ್ಲೇಷೆ ವಿಧಿಯಾಗುವುದಿಲ್ಲ. ಕಚ್ಚಿಯಪ್ಪ ಶಿವಾಚಾರ್ಯರ ತಮಿಳು ಕಂದಪುರಾಣದಲ್ಲಿ ವಸಿಷ್ಠರು ಈ ವ್ರತವನ್ನು ಹೇಳಿಕೊಡುವುದು ಮುಚುಕುಂದ ಚಕ್ರವರ್ತಿಗೆ. ಕೇಳಿದವನೇ ಗಂಡಸು!

ಸಂತಾನಕ್ಕಾಗಿ ಹಿಡಿಯುವುದು ತಪ್ಪೇನಲ್ಲ. ಆರು ಮಂದಿ ಕೃತ್ತಿಕೆಯರು ಹಾಲೂಡಿಸಿದ ಮಗುದೇವರಲ್ಲಿ ಮಗು ಬೇಡುವುದು ಸಹಜವೇ. ಆದರೆ ವ್ರತ ಅಂತ ಆರು ದಿನ ಚಿಕಿತ್ಸೆಯ ಮಾತ್ರೆ ಬಿಡಬೇಡಿ. ಫಲಿಸಲಿಲ್ಲವೆಂದು ಆ ಹೆಣ್ಣಿನ ಭಕ್ತಿಯನ್ನೇ ಅನುಮಾನಿಸುವವರಿಗಂತೂ ವ್ರತದ ಗಂಧವೂ ತಿಳಿದಿಲ್ಲ.

ಹಾಗಾದರೆ ವ್ರತದ ತಿರುಳೇನು? ಸ್ಕಂದ ಯುದ್ಧದಲ್ಲಿ ಎದುರಿಸಿದ ಶೂರಪದ್ಮ, ಸಿಂಹಮುಖ, ತಾರಕ ಈ ಮೂವರು ಅಸುರ ಅಣ್ಣತಮ್ಮಂದಿರನ್ನು ಶೈವ ಸಿದ್ಧಾಂತಿಗಳು ಆಣವ, ಕರ್ಮ, ಮಾಯೆ ಎಂಬ ಮೂರು ಮಲಗಳೆಂದು, ಅಂದರೆ ಜೀವಕ್ಕೆ ಅಂಟಿದ ಕೊಳೆಗಳೆಂದು, ಓದುತ್ತಾರೆ. ತಾರಕ, ಸಿಂಹಮುಖ ಇಬ್ಬರೂ ಸಾಯುತ್ತಾರೆ. ಶೂರಪದ್ಮ ಮಾತ್ರ ಸಾಯುವುದಿಲ್ಲ. ಕಡಲಲ್ಲಿ ಮಾವಿನಮರವಾಗಿ ನಿಂತವನನ್ನು ಸ್ಕಂದನ ವೇಲಾಯುಧ ಸೀಳುತ್ತದೆ. ಒಂದು ಹೋಳು ನವಿಲಾಗಿ ವಾಹನವಾಗುತ್ತದೆ, ಇನ್ನೊಂದು ಹುಂಜವಾಗಿ ಬಾವುಟವೇರುತ್ತದೆ. ಆಣವ, ಅಂದರೆ ‘ನಾನು’ ಎನ್ನುವುದು, ಇಲ್ಲವಾಗುವುದಿಲ್ಲ, ಅದರ ಬಲ ಅಡಗುತ್ತದೆ ಎಂಬುದೇ ಸಿದ್ಧಾಂತದ ಮಾತು. ಕಡೆಯ ದಿನದ ಹಬ್ಬದ ಹೆಸರು ಸೂರಸಂಹಾರ, ಕಥೆಯಲ್ಲಿ ಆಗುವುದು ಅನುಗ್ರಹ.

ಆಚರಣೆಗೆ ಬರೋಣ. ತಮಿಳರ ಐಪ್ಪಸಿ ಮಾಸದ ಶುಕ್ಲ ಪಾಡ್ಯ, ನಮ್ಮ ಬಲಿಪಾಡ್ಯಮಿ, ಮೊದಲ ದಿನ. ಅಂದು ಬೆಳಿಗ್ಗೆ ಮಿಂದು, ಸಂಕಲ್ಪ ಮಾಡಿ, ಹಲವರು ಕೈಗೆ ‘ಕಾಪ್ಪು’ ಎಂಬ ಕಂಕಣ ಕಟ್ಟುತ್ತಾರೆ. 2025ರಲ್ಲಿ ಅಕ್ಟೋಬರ್ 22ರಿಂದ 27ರವರೆಗೆ ವ್ರತವಿತ್ತು. ಕೆಲವರು ಹಾಲು ಹಣ್ಣಿನಲ್ಲೇ ಇರುತ್ತಾರೆ, ಕೆಲವರು ಒಪ್ಪತ್ತು ಊಟ ಮಾಡುತ್ತಾರೆ. ಮೊದಲ ದಿನ ಒಂದು, ಎರಡನೆಯ ದಿನ ಎರಡು, ಹೀಗೆ ಆರನೆಯ ದಿನ ಆರು ಕಾಳುಮೆಣಸಿನಲ್ಲೇ ಕಳೆಯುವ ಕಠಿಣ ಕ್ರಮವೂ ಉಂಟು. ಹೊಸಬರು ಅದಕ್ಕೆ ಕೈ ಹಾಕಬೇಡಿ. ಖಾಲಿ ಹೊಟ್ಟೆಯಲ್ಲಿ ಉರಿ ಎದ್ದು ಮೂರನೆಯ ದಿನಕ್ಕೇ ಮಲಗುತ್ತೀರಿ. ನೀರು ಬಿಡಬೇಡಿ. ಸಕ್ಕರೆ ಕಾಯಿಲೆಯವರು, ಬಸುರಿಯರು ಕಡೆಯ ದಿನ ಒಪ್ಪತ್ತು ಮಾಡಿದರೂ ಸಾಕು. ಷಷ್ಠಿಯ ಸಂಜೆ ತಮಿಳುನಾಡಿನ ತಿರುಚೆಂದೂರಿನ ಕಡಲತೀರದಲ್ಲಿ ಸಂಹಾರ, ಮರುದಿನ ದೇವಯಾನೆ, ಅಂದರೆ ನಮ್ಮ ದೇವಸೇನೆಯೊಂದಿಗೆ ತಿರುಕಲ್ಯಾಣ. ಸಂಹಾರ ನೋಡಿ ಮಿಂದು ಪಾರಣೆ ಮಾಡುವವರಿದ್ದಾರೆ. ಪೂರ್ತಿ ಹಿಡಿದವರು ಕಲ್ಯಾಣದ ನಂತರ ಉಣ್ಣುತ್ತಾರೆ. ಆಗ ಮೆತ್ತಗಿನ ಅನ್ನ, ಸಾರು, ಮಜ್ಜಿಗೆ ಇರಲಿ. ಆರು ದಿನ ಹಸಿದ ಹೊಟ್ಟೆಗೆ ಮೊದಲ ತುತ್ತೇ ವಡೆ ಪಾಯಸವಾದರೆ ಕೆಡುವುದು ಖಂಡಿತ.

ಇದು ಕುಕ್ಕೆಯ ಷಷ್ಠಿಯಲ್ಲ. ಅದು ಮಾರ್ಗಶಿರದ್ದು, ಒಂದು ತಿಂಗಳು ತಡ. 2025ರಲ್ಲಿ ನವೆಂಬರ್ 26ಕ್ಕೆ ಬಂತು. ಯುದ್ಧ ಮುಗಿಸಿದ ಕುಮಾರ ಆಯುಧ ತೊಳೆದದ್ದು ಕುಮಾರಧಾರೆಯಲ್ಲಿ, ದೇವಸೇನೆಯ ಕೈಹಿಡಿದದ್ದು ಆ ಷಷ್ಠಿಯಂದು ಎನ್ನುತ್ತದೆ ಕುಕ್ಕೆಯ ಸ್ಥಳಪುರಾಣ.

ಯಾರೂ ಕೇಳದ ಇನ್ನೊಂದು ಸಂಗತಿ: ಮುರುಗನ ಆರು ಪಡೈವೀಡುಗಳಲ್ಲಿ, ಅಂದರೆ ತಮಿಳುನಾಡಿನ ಆರು ಮುಖ್ಯ ಕ್ಷೇತ್ರಗಳಲ್ಲಿ, ಒಂದಾದ ತಿರುತ್ತಣಿಯಲ್ಲಿ ಸೂರಸಂಹಾರ ನಡೆಯುವುದೇ ಇಲ್ಲ. ಯುದ್ಧದ ಸಿಟ್ಟು ತಣಿದ ಬೆಟ್ಟ ಅದು. ಬೇರೆಡೆ ಶೂರನ ತಲೆ ಉರುಳುವ ದಿನ ಅಲ್ಲಿ ಸ್ವಾಮಿಗೆ ಬುಟ್ಟಿಗಟ್ಟಲೆ ಹೂ ಸುರಿದು ಪುಷ್ಪಾಂಜಲಿ ಮಾಡುತ್ತಾರೆ.