ಜಿಲ್ಲಾ ಪಂಚಾಯಿತಿ: ಕಾನೂನು ಗಟ್ಟಿಯಾಯ್ತು, ಅಧಿಕಾರ ಸೊರಗಿತು

ಕರ್ನಾಟಕದಲ್ಲಿ 2016ರ ಫೆಬ್ರುವರಿಯಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ಕಳೆದರೂ ಹೊಸ ಸದಸ್ಯರು ಬರಲಿಲ್ಲ. ಆಡಳಿತಾಧಿಕಾರಿಗಳೇ ಎಲ್ಲ ನೋಡಿಕೊಂಡರು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಅದಿದ್ದೂ ಹೀಗೆ. ವಿಚಿತ್ರ ಅಂದರೆ, ಇಂಥ ವಿಧಿ ಸಂವಿಧಾನಕ್ಕೆ ಇನ್ನೂ ಸೇರದಿದ್ದ ಕಾಲದಲ್ಲೇ ನಮ್ಮ ಜಿಲ್ಲಾ ಸಂಸ್ಥೆಗಳು ಜಾಸ್ತಿ ಬಲವಾಗಿದ್ದವು.

ಕಥೆ ಬ್ರಿಟಿಷರ ಕಾಲದ್ದು. 1882ರಲ್ಲಿ ವೈಸರಾಯ್ ರಿಪ್ಪನ್ ಸ್ಥಳೀಯ ಆಡಳಿತದ ಬಗ್ಗೆ ನಿರ್ಣಯ ಹೊರಡಿಸಿದ. ಎರಡೇ ವರ್ಷದಲ್ಲಿ ಮದ್ರಾಸ್, ಬಾಂಬೆ ಪ್ರಾಂತ್ಯಗಳಲ್ಲಿ ಲೋಕಲ್ ಬೋರ್ಡ್ ಕಾಯ್ದೆಗಳು ಬಂದವು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ. ರಸ್ತೆ, ಛತ್ರ, ಆಸ್ಪತ್ರೆ, ಶಾಲೆ ಇವು ಬೋರ್ಡಿನ ಕೆಲಸ. ಕುಂದಾಪುರದ ಕಡೆ ಹಳಬರು ಇವತ್ತಿಗೂ ಬೋರ್ಡ್ ಹೈಸ್ಕೂಲ್ ಅನ್ನುತ್ತಾರಲ್ಲ, ಆ ಬೋರ್ಡ್ ಇದೇ.

1956ರಲ್ಲಿ ರಾಜ್ಯ ಒಂದಾದಾಗ ಮೈಸೂರು, ಮದ್ರಾಸ್, ಬಾಂಬೆ, ಹೈದರಾಬಾದ್, ಕೊಡಗು ಹೀಗೆ ಒಂದೊಂದು ಕಡೆಯಿಂದ ಒಂದೊಂದು ಪದ್ಧತಿ ಬಂತು. ಅವನ್ನೆಲ್ಲ ಒಂದು ಮಾಡಲು 1959ರಲ್ಲಿ ಹೊಸ ಕಾಯ್ದೆ ಮಾಡಿದರು. ತಾಲ್ಲೂಕಿಗೆ ಚುನಾಯಿತ ಅಭಿವೃದ್ಧಿ ಮಂಡಳಿ ಸಿಕ್ಕಿತು. ಜಿಲ್ಲೆಗೆ ಸಿಕ್ಕಿದ್ದು ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗಿದ್ದ ಒಂದು ಪರಿಷತ್ತು. ಅದು ಸಲಹೆ ಕೊಡಬಹುದಿತ್ತು, ಅಷ್ಟೇ. ಕಾಲು ಶತಮಾನ ಹೀಗೇ ನಡೆಯಿತು.

1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಲೆಕ್ಕಾಚಾರವನ್ನೇ ಬದಲಿಸಿತು. ರಾಜ್ಯದಿಂದ ಕೆಳಗೆ ಅಧಿಕಾರ ಇಳಿಯಬೇಕಾದ ಮೊದಲ ಜಾಗ ಜಿಲ್ಲೆ, ಅದರ ಕೆಳಗೆ ಹಳ್ಳಿಗಳ ಗುಂಪಿಗೊಂದು ಮಂಡಲ ಎಂದು ಹೇಳಿತು. ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು 1983ರಲ್ಲಿ ಬಂದ ರಾಮಕೃಷ್ಣ ಹೆಗಡೆ ಸರ್ಕಾರ. ಅದರಲ್ಲೂ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯ ಈ ಮನುಷ್ಯ ಬರಗಾಲದಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. ಬೋರ್‌ವೆಲ್‌ಗಿಂತ ದೊಡ್ಡ ಕೆಲಸ ಅಂದರೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ಮಾಡಲು ಅವರು ತಂದ ಮಸೂದೆ ಅಂತ ನನಗನ್ನಿಸುತ್ತದೆ. ಆದರೆ ಮಸೂದೆ ನೆನಪಿಟ್ಟುಕೊಳ್ಳುವವರು ಯಾರು?

ಆ ಮಸೂದೆಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆ ಆಯಿತು. ಏಪ್ರಿಲ್ 1ರಿಂದ 19 ಜಿಲ್ಲಾ ಪರಿಷತ್ತುಗಳು ಕೆಲಸ ಶುರು ಮಾಡಿದವು. ನಾಲ್ಕರಲ್ಲಿ ಒಂದು ಸೀಟು ಹೆಂಗಸರಿಗೆ ಮೀಸಲು. ಆಗ ದೇಶದಲ್ಲಿ ಇದು ಅಪರೂಪ. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ.

ನಿಜವಾದ ಬದಲಾವಣೆ ಅಧಿಕಾರಿಗಳ ಸಾಲಿನಲ್ಲಿತ್ತು. ಪರಿಷತ್ತಿಗೆ ಒಬ್ಬ ಮುಖ್ಯ ಕಾರ್ಯದರ್ಶಿ. ಅವರು ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಶಾಲೆ, ಆರೋಗ್ಯ ಕೇಂದ್ರ, ಕೃಷಿ, ಪಶುಪಾಲನೆ, ಹಳ್ಳಿ ರಸ್ತೆ ಎಲ್ಲವೂ ಪರಿಷತ್ತಿನ ಕೈಗೆ ಬಂದವು. ಜಿಲ್ಲಾಧಿಕಾರಿಗೆ ಉಳಿದದ್ದು ಮುಖ್ಯವಾಗಿ ಕಂದಾಯ ಮತ್ತು ಶಾಂತಿ ಸುವ್ಯವಸ್ಥೆ. ನೂರಾರು ವರ್ಷ ಜಿಲ್ಲೆಗೆ ದೊರೆ ಅಂದರೆ ಕಲೆಕ್ಟರ್ ಅನ್ನೋ ಪದ್ಧತಿ ಇತ್ತಲ್ವಾ? ಈಗ ಅವರಿಗಿಂತ ಹಿರಿಯರೊಬ್ಬರು ಚುನಾಯಿತ ಅಧ್ಯಕ್ಷರ ಕೆಳಗೆ ಕೆಲಸ ಮಾಡತೊಡಗಿದರು.

ಹಣದಲ್ಲೂ ಹಾಗೇ. ರಾಜ್ಯ ಬಜೆಟ್ಟಿನಲ್ಲಿ ಜಿಲ್ಲೆಯ ಪಾಲನ್ನು ಬೇರೆ ಮಾಡಿ, ಯಾವ ಪರಿಷತ್ತಿಗೆ ಎಷ್ಟು ಅಂತ ತೋರಿಸುವ ‘ಲಿಂಕ್ ಡಾಕ್ಯುಮೆಂಟ್’ ಬಂತು. ಮೇಷ್ಟ್ರು ಶಾಲೆಗೆ ಬರ್ತಿಲ್ಲ, ಡಾಕ್ಟ್ರು ಸಿಗ್ತಿಲ್ಲ ಅನ್ನೋ ದೂರಿಗೆ ಬೆಂಗಳೂರಿಗೆ ಓಡುವ ಬದಲು ಜಿಲ್ಲಾ ಕೇಂದ್ರಕ್ಕೆ ಹೋದರೆ ಸಾಕಾಯಿತು.

ಇದರಿಂದ ಎಲ್ಲರಿಗಿಂತ ಜಾಸ್ತಿ ಕಸಿವಿಸಿ ಆದದ್ದು ಶಾಸಕರಿಗೆ. ವರ್ಗಾವಣೆ ಮತ್ತು ಕಾಮಗಾರಿ, ಈ ಎರಡು ಇಲ್ಲದೆ ಶಾಸಕರ ಮನೆ ಮುಂದೆ ಜನ ಯಾಕೆ ಸೇರಬೇಕು? ತಾಲ್ಲೂಕು ಪಂಚಾಯತ್ ಸಮಿತಿಯ ಅಧ್ಯಕ್ಷಗಿರಿಯನ್ನು ಕಾಯ್ದೆ ಅವರಿಗೇ ಕೊಟ್ಟಿತ್ತು. ಆದರೆ ಆ ಸಮಿತಿಗೆ ಹೆಚ್ಚು ಅಧಿಕಾರ ಇರಲಿಲ್ಲ. 1988ರ ಆಗಸ್ಟಿನಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ ನಜೀರ್ ಸಾಬ್ ತೀರಿಕೊಂಡರು. ಪರಿಷತ್ತುಗಳ ಪರವಾಗಿ ಸಂಪುಟದಲ್ಲಿ ಜೋರಾಗಿ ಮಾತಾಡುವವರು ಕಡಿಮೆಯಾದರು. 1992ರಲ್ಲಿ ಅವಧಿ ಮುಗಿದಾಗ ಬಂಗಾರಪ್ಪ ಸರ್ಕಾರ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿತು. ತಡೆಯಲು ಸಂವಿಧಾನದಲ್ಲಿ ಏನೂ ಇರಲಿಲ್ಲ.

ಮರುವರ್ಷವೇ 243ಇ ವಿಧಿ ಬಂತು. ಅದನ್ನು ತಂದ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಯಾಯಿತು. ಕರ್ನಾಟಕ ಮೇ ತಿಂಗಳಲ್ಲೇ ಹೊಸ ಪಂಚಾಯತ್ ರಾಜ್ ಕಾಯ್ದೆ ತಂದು ಭೇಷ್ ಅನ್ನಿಸಿಕೊಂಡಿತು. ಒಳಗೆ ನೋಡಿದರೆ ಬೇರೆಯೇ ಚಿತ್ರ. ಜಿಲ್ಲಾ ಪರಿಷತ್ತು ಜಿಲ್ಲಾ ಪಂಚಾಯಿತಿಯಾಯಿತು, ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂತು, ನಡುವೆ ಚುನಾಯಿತ ತಾಲ್ಲೂಕು ಪಂಚಾಯಿತಿ ಸೇರಿತು. ಜಿಲ್ಲೆಯ ಮುಖ್ಯ ಕಾರ್ಯದರ್ಶಿ ಹೋಗಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ಬಂದರು, ಜಿಲ್ಲಾಧಿಕಾರಿಗಿಂತ ಹಿರಿಯರೇ ಇರಬೇಕು ಅನ್ನೋ ಪದ್ಧತಿ ಹೋಯಿತು. ಅಧ್ಯಕ್ಷರ ಅವಧಿ ಐದು ವರ್ಷದಿಂದ 20 ತಿಂಗಳಿಗೆ ಇಳಿಯಿತು. ಮೀಸಲಾತಿ ಸರದಿಗೆ ಅನುಕೂಲ ಅಂದರು. ಇರಬಹುದು. ಆದರೆ ಕಡತ ಅರ್ಥವಾಗುವಷ್ಟರಲ್ಲಿ ಕುರ್ಚಿ ಬಿಡಬೇಕಾದ ಅಧ್ಯಕ್ಷರ ಮಾತನ್ನು ಯಾವ ಇಂಜಿನಿಯರ್ ಕೇಳುತ್ತಾರೆ? ತೆರಿಗೆ ಹಾಕುವ ಅಧಿಕಾರವಂತೂ ಜಿಲ್ಲಾ ಪಂಚಾಯಿತಿಗೆ ಇಲ್ಲ. ಬರುವ ಹಣದಲ್ಲಿ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಜಿಲ್ಲೆಯ ಪ್ರಗತಿ ಪರಿಶೀಲನೆ ಅಂದರೆ ಜನಕ್ಕೆ ನೆನಪಾಗೋದು ಉಸ್ತುವಾರಿ ಸಚಿವರು ನಡೆಸುವ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯೇ.

ಸುಧಾರಣೆ ನಡೆಯಲೇ ಇಲ್ಲ ಅಂತಲ್ಲ. ಹೆಂಗಸರ ಮೀಸಲಾತಿ 2010ರಲ್ಲಿ ಅರ್ಧಕ್ಕೆ ಏರಿತು. ರಮೇಶ್ ಕುಮಾರ್ ಸಮಿತಿಯ ವರದಿ ಆಧರಿಸಿ 2015ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು, ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿತು. ಅಧ್ಯಕ್ಷರ ಅವಧಿ ಮತ್ತೆ ಐದು ವರ್ಷವಾಯಿತು.

ಆ ಐದು ವರ್ಷ ಮುಗಿದದ್ದೇ 2021ರಲ್ಲಿ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮಾಡಿ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಸರ್ಕಾರ ಕಾಯ್ದೆ ತಿದ್ದಿ ಆ ಅಧಿಕಾರವನ್ನು ಆಯೋಗದಿಂದ ತೆಗೆದು, ಬೇರೆಯೇ ಸೀಮಾ ನಿರ್ಣಯ ಆಯೋಗ ಮಾಡಿತು. ನಂತರ ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ಹೇಳಿದ ಮೂರು ಹಂತದ ಪರೀಕ್ಷೆ (ಆಯೋಗದ ಅಧ್ಯಯನ, ಅದರಂತೆ ಮೀಸಲಿನ ಪ್ರಮಾಣ, ಒಟ್ಟು ಮೀಸಲಾತಿ ಅರ್ಧ ಮೀರದಿರುವುದು) ಬಂತು, ಅದಕ್ಕೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಬಂತು. ಹೈಕೋರ್ಟಿನಲ್ಲಿ ಕೇಸು ನಡೆಯಿತು. 2023ರಲ್ಲಿ ಸರ್ಕಾರವೇ ಬದಲಾಯಿತು, ಚುನಾವಣೆ ಮಾತ್ರ ಬರಲಿಲ್ಲ. ಒಂದೊಂದೇ ಕಾರಣ ನೋಡಿದರೆ ಸರಿ ಅನ್ನಿಸುತ್ತದೆ. ಎಲ್ಲ ಸೇರಿಸಿದರೆ 1992ರ ನೆನಪಾಗುತ್ತದೆ.

ಇದೇ ರಾಜ್ಯದಲ್ಲಿ 2020ರ ಡಿಸೆಂಬರಿನಲ್ಲಿ, ಕೋವಿಡ್ ನಡುವೆಯೇ, ಗ್ರಾಮ ಪಂಚಾಯಿತಿ ಚುನಾವಣೆ ಎರಡು ಹಂತದಲ್ಲಿ ನಡೆದು ಹೋಯಿತು. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ಜಿಲ್ಲಾ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುತ್ತದೆ. ಹತ್ತಾರು ಹಳ್ಳಿಗಳಲ್ಲಿ ಓಡಾಡಿ ಗೆದ್ದು ಬಂದ ಸದಸ್ಯ ಮುಂದಿನ ವಿಧಾನಸಭೆಗೆ ಅದೇ ಪಕ್ಷದ ಟಿಕೆಟ್ ಕೇಳುತ್ತಾನೆ, ಮತ್ತು ಆ ಟಿಕೆಟ್ ಈಗ ಯಾರ ಕೈಯಲ್ಲಿದೆಯೋ ಅವರೇ ಚುನಾವಣೆ ಯಾವಾಗ ಅಂತ ತೀರ್ಮಾನಿಸುವ ಸದನದಲ್ಲಿ ಕೂತಿದ್ದಾರೆ.